ವಾಟರ್ ಕಲರ್ ಕ್ಲಾಸಿಗೆ ಸೇರಿದ್ದೀರಾ? ಮೊದಲು ನೀರಿನ ಹದ ಕಲಿಯಿರಿ

ಕಾಲೇಜಿನ ಸ್ಟುಡಿಯೋ ಕ್ಲಾಸಿಗೆ ಹೊಸದಾಗಿ ಬಂದವರು ಮೊದಲು ಕೇಳುವುದು ಬಣ್ಣದ ಬಗ್ಗೆ. ಯಾವ ಕಂಪನಿ ಒಳ್ಳೆಯದು, ಎಷ್ಟು ಬಣ್ಣದ ಸೆಟ್ ತಗೋಬೇಕು, ಟ್ಯೂಬೋ ಪ್ಯಾನೋ (ಒಣ ಬಿಲ್ಲೆಯ ಬಣ್ಣ) ಅಂತ. ಅದೆಲ್ಲ ಆಮೇಲೆ. ವಾಟರ್ ಕಲರ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ನೀರಿನದು. ಕಾಗದ ಈಗ ಎಷ್ಟು ಒದ್ದೆ ಇದೆ, ಬ್ರಷ್‌ನಲ್ಲಿ ಎಷ್ಟು ನೀರಿದೆ, ಈ ಎರಡು ಹದ ಕಣ್ಣಿಗೆ ಸಿಗಲು ಶುರುವಾದರೆ ಅರ್ಧ ಕಲಿತ ಹಾಗೆಯೇ. ಸೆಮಿಸ್ಟರ್ ಪೂರ್ತಿ ಕಲಿಯುವುದು ಮುಖ್ಯವಾಗಿ ಇದನ್ನೇ.

ದುಡ್ಡು ಕಾಗದಕ್ಕೆ ಹಾಕಿ

300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ತೂಕದ, 100% ಕಾಟನ್, ಕೋಲ್ಡ್ ಪ್ರೆಸ್ ಅಂದರೆ ಮೇಲ್ಮೈ ತುಸು ತರಿಯಾಗಿರುವ ಕಾಗದ ತನ್ನಿ. ಸಾಮಾನ್ಯ ಡ್ರಾಯಿಂಗ್ ಶೀಟ್ ನೀರು ಬಿದ್ದ ಕೂಡಲೇ ಹೀರಿಕೊಳ್ಳುತ್ತದೆ, ಉಬ್ಬುತ್ತದೆ, ಎರಡನೇ ಸಲ ಬ್ರಷ್ ಆಡಿಸಿದರೆ ಮೇಲಿನ ಪದರವೇ ಎದ್ದು ಬರುತ್ತದೆ. ವಾಟರ್ ಕಲರ್ ಕಾಗದಕ್ಕೆ ಜೆಲಟಿನ್ ಅಥವಾ ಅಂಥದ್ದೇ ಬೇರೆ ವಸ್ತುವಿನಿಂದ ಸೈಜಿಂಗ್, ಅಂದರೆ ನೀರು ಬೇಗ ಹೀರದ ಹಾಗೆ ಹದ, ಮಾಡಿರುತ್ತಾರೆ. ಅದರಿಂದ ನೀರು ಸ್ವಲ್ಪ ಹೊತ್ತು ಮೇಲೆಯೇ ನಿಲ್ಲುತ್ತದೆ, ನಿಮಗೆ ಕೈ ಆಡಿಸಲು ಸಮಯ ಸಿಗುತ್ತದೆ. ಅಗ್ಗದ ಕಾಗದದ ಮೇಲೆ ವಾಶ್ (ನೀರಾದ ಬಣ್ಣವನ್ನು ಅಗಲವಾಗಿ ಹರಡುವುದು) ಸರಿ ಬರದೆ, ‘ನನ್ನ ಕೈಲಿ ಆಗಲ್ಲ’ ಅಂತ ಬಿಟ್ಟುಬಿಡುವ ವಿದ್ಯಾರ್ಥಿಗಳನ್ನು ಕಂಡರೆ ನಿಜವಾಗಿ ಬೇಜಾರಾಗುತ್ತದೆ. ತಪ್ಪು ಕಾಗದದ್ದು, ಅಲ್ವಾ? 22×30 ಇಂಚಿನ ಒಂದು ಪೂರ್ತಿ ಹಾಳೆಯನ್ನು ಎಂಟು ತುಂಡು ಮಾಡಿದರೆ 7.5×11 ಇಂಚಿನ ತುಂಡುಗಳು ಸಿಗುತ್ತವೆ. ಅಭ್ಯಾಸಕ್ಕೆ ಅಷ್ಟು ಸಾಕು. ಎರಡೂ ಬದಿ ಬಳಸಿ.

ಬ್ರಷ್ ಜಾಸ್ತಿ ಬೇಡ. ತುದಿ ಚೂಪಾಗಿ ಕೂಡಿಕೊಳ್ಳುವ ಒಂದು ರೌಂಡ್, 10 ಅಥವಾ 12 ನಂಬರಿನದು, ಜೊತೆಗೆ ಒಂದು ಇಂಚಿನ ಫ್ಲಾಟ್. ಸಿಂಥೆಟಿಕ್ ನಡೆಯುತ್ತದೆ. ಬಣ್ಣ ಆರೇಳು ಸಾಕು, ಆದರೆ ಟ್ಯೂಬಿನ ಮೇಲಿನ ಪಿಗ್ಮೆಂಟ್ ಕೋಡ್, ಅಂದರೆ ಒಳಗಿರುವ ಬಣ್ಣದ ಪುಡಿಯ ಗುರುತು, ಓದಿ ತಗೊಳ್ಳಿ. ಅಲ್ಟ್ರಾಮರೀನ್ ಅಂದರೆ ಪಿಬಿ29, ಥ್ಯಾಲೋ ಬ್ಲೂ ಅಂದರೆ ಪಿಬಿ15. ಟ್ಯೂಬಿನ ಮೇಲೆ ಒಂದು ಕೋಡ್ ಮಾತ್ರ ಇರುವ ಬಣ್ಣಗಳನ್ನು ಬೆರೆಸಿದರೆ ಏನಾಗುತ್ತದೆ ಎಂದು ಊಹಿಸಬಹುದು. ಮೂರು ನಾಲ್ಕು ಕೋಡ್ ಇರುವವು ಬೇಗ ಕೆಸರಾಗುತ್ತವೆ. ನೀರಿಗೆ ಎರಡು ಜಾರ್ ಇಟ್ಟುಕೊಳ್ಳಿ, ಒಂದು ತೊಳೆಯಲು, ಇನ್ನೊಂದು ಶುದ್ಧ ನೀರಿಗೆ. ಒಂದು ಹಳೇ ಬಟ್ಟೆಯೂ ಬೇಕು.

ಮೊದಲು ಫ್ಲಾಟ್ ವಾಶ್

ಇಡೀ ಜಾಗಕ್ಕೆ ಒಂದೇ ಸಮನಾಗಿ ಬಣ್ಣ ಹರಡುವುದು, ನೋಡಲು ಸಪ್ಪೆ ಕೆಲಸ. ಆದರೆ ಇಲ್ಲಿ ಕಲಿತದ್ದು ಪ್ರತಿ ಚಿತ್ರದಲ್ಲೂ ಬೇಕಾಗುತ್ತದೆ. ಕಾಗದದ ನಾಲ್ಕೂ ಬದಿಗೆ ಮಾಸ್ಕಿಂಗ್ ಟೇಪ್ ಹಚ್ಚಿ ಬೋರ್ಡ್‌ಗೆ ಅಂಟಿಸಿ, ಬೋರ್ಡ್‌ನ ಮೇಲ್ತುದಿಯ ಅಡಿಗೆ ಒಂದೆರಡು ಪುಸ್ತಕ ಇಟ್ಟು ಸ್ವಲ್ಪ ಇಳಿಜಾರು ಮಾಡಿ. ಬಣ್ಣವನ್ನು ಸಾಕು ಅನಿಸಿದ್ದಕ್ಕಿಂತ ಎರಡು ಪಟ್ಟು ಕಲಸಿಟ್ಟುಕೊಳ್ಳಿ, ಯಾಕೆಂದರೆ ನಡುವೆ ಮುಗಿದು ಮತ್ತೆ ಕಲಸುವಷ್ಟರಲ್ಲಿ ಅಂಚು ಒಣಗಿ ಗೆರೆ ಕೂತಿರುತ್ತದೆ.

ಬ್ರಷ್ ತುಂಬಿಕೊಂಡು ಈ ಬದಿಯಿಂದ ಆ ಬದಿಗೆ ಒಂದು ಪಟ್ಟಿ ಎಳೆಯಿರಿ. ಈಗ ಬಗ್ಗಿ ಅದರ ಕೆಳಗಿನ ಅಂಚನ್ನು ನೋಡಿ. ಬಣ್ಣದ ನೀರು ಉದ್ದಕ್ಕೂ ದಪ್ಪಗೆ ಕೂಡಿಕೊಂಡು, ಬೆಳಕಿಗೆ ಹೊಳೆಯುತ್ತಾ, ಇಳಿಯಲೋ ಬೇಡವೋ ಅನ್ನುವ ಹಾಗೆ ನಿಂತಿರುತ್ತದೆ. ಇದನ್ನು ಬೀಡ್ ಅನ್ನುತ್ತಾರೆ. ಮುಂದಿನ ಪಟ್ಟಿ ಈ ಬೀಡ್‌ಗೆ ತಾಗಿಕೊಂಡು ಹೋಗಬೇಕು, ಅದು ತಾನೇ ಕೆಳಗಿಳಿದು ಹೊಸ ಅಂಚಿನಲ್ಲಿ ಕೂರುತ್ತದೆ. ಮೇಲೆ ಮುಗಿಸಿದ ಜಾಗಕ್ಕೆ ಬ್ರಷ್ ವಾಪಸ್ ಒಯ್ಯಬೇಡಿ, ಅಲ್ಲೇನೋ ಸ್ವಲ್ಪ ತಿಳಿಯಾಗಿ ಕಂಡರೂ ಬೇಡ. ಕೊನೆಯಲ್ಲಿ ಉಳಿದ ಬೀಡನ್ನು ಒರೆಸಿದ ಬ್ರಷ್‌ನ ತುದಿಯಿಂದ ಹೀರಿ ತೆಗೆಯಿರಿ.

ಇದು ಬಂದ ಮೇಲೆ ಗ್ರೇಡೆಡ್ ವಾಶ್ ಸುಲಭ. ಪ್ರತಿ ಪಟ್ಟಿಗೂ ಬಣ್ಣ ಕಡಿಮೆ, ನೀರು ಜಾಸ್ತಿ ಮಾಡುತ್ತಾ ಬನ್ನಿ.

ಹೊಳಪು ನೋಡುವುದು

ಇದು ಇಡೀ ವಿದ್ಯೆಯ ಜೀವಾಳ, ಇದಕ್ಕೆ ಬೇಕಾದಷ್ಟು ಸಮಯ ಕೊಡಿ. ಒಂದು ತುಂಡು ಕಾಗದವನ್ನು ಶುದ್ಧ ನೀರಿನಿಂದ ಸಮವಾಗಿ ಒದ್ದೆ ಮಾಡಿ. ಕೂಡಲೇ ಒಂದು ಮೂಲೆಯಲ್ಲಿ ಒಂದು ಚುಕ್ಕೆ ಬಣ್ಣ ಇಡಿ. ಒಂದು ನಿಮಿಷ ಬಿಟ್ಟು ಅದರ ಪಕ್ಕ ಇನ್ನೊಂದು, ಮತ್ತೊಂದು ನಿಮಿಷ ಬಿಟ್ಟು ಮತ್ತೊಂದು, ಕಾಗದ ಪೂರ್ತಿ ಒಣಗುವವರೆಗೂ ಹೀಗೇ ಇಡುತ್ತಾ ಹೋಗಿ. ಮೊದಲನೆಯದು ಎಲ್ಲೆಲ್ಲೋ ಹರಡಿ ತಿಳಿಯಾಗುತ್ತದೆ. ಹೊಳಪು ಮಂಕಾಗುವ ಹೊತ್ತಿಗೆ ಇಟ್ಟದ್ದು ಮೆತ್ತಗಿನ ಅಂಚಿನೊಂದಿಗೆ ಇಟ್ಟಲ್ಲೇ ನಿಲ್ಲುತ್ತದೆ. ಒಣಗಿದ ಮೇಲೆ ಇಟ್ಟದ್ದಕ್ಕೆ ಗಟ್ಟಿ ಅಂಚು ಬರುತ್ತದೆ. ಪಕ್ಕದಲ್ಲಿ ಪೆನ್ಸಿಲ್‌ನಿಂದ ನಿಮಿಷ ಬರೆದಿಟ್ಟುಕೊಂಡರೆ ಆ ಹಾಳೆ ಯಾವ ಪುಸ್ತಕಕ್ಕಿಂತಲೂ ಹೆಚ್ಚು ಕಲಿಸುತ್ತದೆ.

ಎಚ್ಚರ ಬೇಕಾಗಿರುವುದು ಹೊಳಪು ಹೋಗಿ ಕಾಗದ ಇನ್ನೂ ತೇವ ಇರುವ ಹೊತ್ತಿನಲ್ಲಿ. ಆಗ ಕಾಗದಕ್ಕಿಂತ ಬ್ರಷ್ ಒದ್ದೆ ಇದ್ದರೆ ಆ ನೀರು ಒಳಗೆ ನುಗ್ಗಿ ಅಲ್ಲಿದ್ದ ಪಿಗ್ಮೆಂಟನ್ನು ಹೊರಕ್ಕೆ ತಳ್ಳುತ್ತದೆ, ಹರಕು ಅಂಚಿನ ಕಲೆ ಉಳಿಯುತ್ತದೆ. ಇದೇ ಬ್ಲೂಮ್. ತೇವ ಇದೆಯೋ ಇಲ್ಲವೋ ಎಂದು ಅನುಮಾನ ಬಂದರೆ ಬೆರಳ ಹಿಂಬದಿಯಿಂದ ಅಂಚನ್ನು ಹಗುರವಾಗಿ ಮುಟ್ಟಿ. ತಣ್ಣಗಿದ್ದರೆ ಇನ್ನೂ ಒಣಗಿಲ್ಲ. ಸುಮ್ನೆ ಕೂರಿ.

ಸ್ಟುಡಿಯೋದಲ್ಲಿ ಕಲಿಯುವುದರ ದೊಡ್ಡ ಲಾಭವೂ ಇಲ್ಲೇ. ಸುತ್ತ ಹತ್ತಿಪ್ಪತ್ತು ಕಾಗದ ಬೇರೆ ಬೇರೆ ಹದದಲ್ಲಿ ಇರುತ್ತವೆ, ಫ್ಯಾನ್ ಕೆಳಗಿನ ಮೇಜಿನದು ಬೇಗ ಒಣಗಿರುತ್ತದೆ, ಮೂಲೆಯದು ಇನ್ನೂ ಹೊಳೆಯುತ್ತಿರುತ್ತದೆ. ಎದ್ದು ಓಡಾಡಿ ನೋಡಿ. ಮೇಷ್ಟ್ರು ಡೆಮೊ ಕೊಡುವಾಗಲೂ ಬ್ರಷ್ ಹೇಗೆ ಆಡುತ್ತದೆ ಅನ್ನುವುದಕ್ಕಿಂತ, ಎಷ್ಟು ಹೊತ್ತು ಕೈ ತಡೆದು ಕಾಯುತ್ತಾರೆ ಅನ್ನುವುದನ್ನು ಗಮನಿಸಿ. ಹೇರ್ ಡ್ರೈಯರ್ ಇದ್ದರೆ ಹೊಳಪು ಹೋದ ಮೇಲೆ ಮಾತ್ರ ಹಿಡಿಯಿರಿ, ಮೊದಲೇ ಹಿಡಿದರೆ ನಿಂತ ಬಣ್ಣವನ್ನು ಗಾಳಿ ಎತ್ತೆತ್ತಲೋ ಓಡಿಸುತ್ತದೆ.

ನಂತರ ಒಂದೇ ಬಣ್ಣದಲ್ಲಿ ಚಿತ್ರ

ಬರ್ಂಟ್ ಸಿಯೆನ್ನಾ, ಅಲ್ಟ್ರಾಮರೀನ್ ಎರಡನ್ನೂ ಬೆರೆಸಿದರೆ ಚೆಂದದ ಬೂದು ಬರುತ್ತದೆ. ಅದರಲ್ಲೇ ಒಂದು ಸರಳ ವಸ್ತು ಬರೆಯಿರಿ, ಒಂದು ಬಾಟಲಿಯೋ ಪೆಟ್ಟಿಗೆಯೋ. ಸ್ಕೆಚ್ ತೆಳ್ಳಗಿರಲಿ. ರಬ್ಬರ್ ಜಾಸ್ತಿ ಉಜ್ಜಿದರೆ ಸೈಜಿಂಗ್ ಹಾಳಾಗಿ ಬಣ್ಣ ಅಲ್ಲಿ ಮಚ್ಚೆಯಾಗುತ್ತದೆ. ಬಿಳಿ ಎಲ್ಲಿ ಬೇಕೋ ಅದನ್ನು ಶುರುವಿನಲ್ಲೇ ಗುರುತಿಸಿ ಬಿಟ್ಟುಬಿಡಿ, ಇಲ್ಲಿ ಬಿಳಿ ಅಂದರೆ ಕಾಗದವೇ. ತಿಳಿಯಿಂದ ಗಾಢಕ್ಕೆ ಹೋಗಿ, ಒಂದು ಪದರ ಪೂರ್ತಿ ಒಣಗಿದ ಮೇಲೆಯೇ ಇನ್ನೊಂದು. ಒಣಗಿದಾಗ ಬಣ್ಣ ತಿಳಿಯಾಗುತ್ತದೆ, ಆದ್ದರಿಂದ ಒದ್ದೆ ಇರುವಾಗ ತುಸು ಜಾಸ್ತಿ ಗಾಢ ಅನಿಸುವಷ್ಟು ಹಾಕಿ. ಥ್ಯಾಲೋ ಬ್ಲೂ ಹಾಕುವಾಗ ಮಾತ್ರ ಕೈ ಹಗುರವಿರಲಿ, ಅದು ಕಾಗದಕ್ಕೆ ಹಿಡಿದರೆ ಪೂರ್ತಿ ತೆಗೆಯಲು ಆಗುವುದಿಲ್ಲ.

ಕ್ರಿಟಿಕ್‌ಗೆ, ಅಂದರೆ ಎಲ್ಲರೂ ಕೂತು ಚಿತ್ರಗಳ ಬಗ್ಗೆ ಮಾತಾಡುವುದಕ್ಕೆ, ಚಿತ್ರವನ್ನು ಗೋಡೆ ಮೇಲೆ ಹಾಕಿದಾಗ ‘ಹೇಗಿದೆ’ ಅಂತ ಕೇಳಿದರೆ ‘ಚೆನ್ನಾಗಿದೆ’ ಅನ್ನುವ ಉತ್ತರವೇ ಸಿಗುತ್ತದೆ. ಯಾವ ಅಂಚು ಮೆತ್ತಗಿರಬೇಕಿತ್ತು, ಎಲ್ಲಿ ಗಾಢ ಸಾಲದು ಅಂತ ಬಿಡಿಸಿ ಕೇಳಿ. ಸಿಕ್ಕ ಉತ್ತರವನ್ನು ಆ ಹಾಳೆಯ ಹಿಂದೆಯೇ ಬರೆದಿಡಿ.

ಕ್ಲಾಸ್ ಮುಗಿದ ಮೇಲೆ ಬ್ರಷ್‌ಗಳನ್ನು ಜಾರ್‌ನಲ್ಲಿ ತಲೆಕೆಳಗಾಗಿ ಬಿಟ್ಟು ಹೋಗಬೇಡಿ, ತುದಿ ಬಾಗುತ್ತದೆ, ಹಿಡಿಯ ಬಣ್ಣವೂ ಬಿಡುತ್ತದೆ. ತೊಳೆದು, ಬೆರಳಿನಿಂದ ತುದಿ ಕೂಡಿಸಿ, ಮಲಗಿಸಿ ಒಣಗಿಸಿ. ಪ್ಯಾಲೆಟ್‌ನಲ್ಲಿ ಉಳಿದ ಬಣ್ಣ ತೊಳೆದು ಹಾಕುವ ಅಗತ್ಯವಿಲ್ಲ. ಪಿಗ್ಮೆಂಟನ್ನು ಹಿಡಿದಿಡುವ ಗಮ್ ಅರೇಬಿಕ್ ನೀರು ತಾಗಿದರೆ ಮತ್ತೆ ಕರಗುತ್ತದೆ, ಮುಂದಿನ ಕ್ಲಾಸಿಗೂ ಅದೇ ಬಣ್ಣ ಬರುತ್ತದೆ. ಮುಚ್ಚಳ ಹಾಕುವ ಮೊದಲು ಒಣಗಲು ಬಿಡಿ, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ.