ಹಳೇ ಒಂಟಿ ಬಾಗಿಲಿನ ಫ್ರಿಜ್: ಗ್ಯಾಸ್ ಲೈನ್ ಕತ್ತರಿಸುವ ಮುನ್ನ

1960–80ರ ದಶಕಗಳ ಗೋದ್ರೇಜ್, ಆಲ್ವಿನ್, ಕೆಲ್ವಿನೇಟರ್ ಫ್ರಿಜ್ ತಣ್ಣಗಾಗದಿದ್ದರೆ ‘ಗ್ಯಾಸ್ ಹೋಗಿದೆ’ ಎಂಬ ತೀರ್ಪು ಬೇಗ ಬರುತ್ತದೆ. ನಂಬಿಬಿಡಬೇಡಿ. ಒಳಗಿರುವುದು ಆರ್-12 ಎಂಬ ತಂಪು ಮಾಡುವ ಗ್ಯಾಸ್. ಓಝೋನ್ ಪದರ ಕಾಯುವ ಮಾಂಟ್ರಿಯಲ್ ಒಪ್ಪಂದದಂತೆ ಫ್ರಿಜ್‌ಗಾಗಿ ಅದನ್ನು ತಯಾರಿಸುವುದು 2010ರ ಹೊತ್ತಿಗೇ ನಿಂತಿದೆ. ಒಮ್ಮೆ ಲೈನ್ ಕತ್ತರಿಸಿದರೆ ಮೊದಲಿದ್ದ ಗ್ಯಾಸನ್ನೇ ಮತ್ತೆ ತುಂಬಿಸುವುದು ಕಷ್ಟ.

ಫ್ರಿಜ್ ಮಲಗಿಸಿ ತಂದಿದ್ದರೆ ಒಂದು ದಿನ ನೆಟ್ಟಗೆ ನಿಲ್ಲಿಸಿ, ಆಯಿಲ್ ಕಂಪ್ರೆಸರಿಗೆ ಇಳಿಯಲಿ. ಸಿಡಿದ ಹಳೇ ವೈರು ತೆಗೆದು ಅರ್ತಿಂಗ್ ಇರುವ ಮೂರು ಪಿನ್ನಿನ ವೈರು ಹಾಕಿ. ಆಮೇಲೆ, ಪ್ಲಗ್ ಹಾಕುವ ಮೊದಲು, ರಿಲೇ (ಕಂಪ್ರೆಸರ್ ಚಾಲೂ ಮಾಡುವ ಸ್ವಿಚ್ಚು) ಕಿತ್ತು ಕಂಪ್ರೆಸರಿನ ಮೂರು ಪಿನ್‌ಗಳ (ಕಾಮನ್, ರನ್, ಸ್ಟಾರ್ಟ್) ನಡುವಿನ ರೆಸಿಸ್ಟೆನ್ಸ್ ಮಲ್ಟಿಮೀಟರ್‌ನಲ್ಲಿ ಅಳೆಯಿರಿ. ಕಾಮನ್–ರನ್ 8 ಓಮ್, ಕಾಮನ್–ಸ್ಟಾರ್ಟ್ 16 ಓಮ್ ಬಂದರೆ ರನ್–ಸ್ಟಾರ್ಟ್ ನಡುವೆ 24 ಬರಬೇಕು. ಅಂಕಿ ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾದೀತು, ಈ ಕೂಡಿಕೆ ಮಾತ್ರ ತಪ್ಪಬಾರದು. ಯಾವ ಪಿನ್ನಿಗೂ ಹೊರಗಿನ ಡಬ್ಬಿಗೂ ಸಂಪರ್ಕ ಸಿಗಕೂಡದು.

ಕಂಪ್ರೆಸರ್ ಗುಂಯ್ ಎಂದು ಕೆಲವು ಸೆಕೆಂಡಿಗೆ ‘ಟಕ್’ ಎಂದು ನಿಲ್ಲುತ್ತಿದ್ದರೆ ಮೊದಲ ಅನುಮಾನ ರಿಲೇ ಮೇಲೆ. ಹಳೇ ಕಾಯಿಲ್ ರಿಲೇ ಒಳಗೆ ಸಣ್ಣ ಕಬ್ಬಿಣದ ತುಂಡು ತನ್ನ ಭಾರದಿಂದಲೇ ಕೆಳಗೆ ಬೀಳಬೇಕು. ತಲೆಕೆಳಗಾಗಿ ಸಿಕ್ಕಿಸಿದರೆ ಸ್ಟಾರ್ಟ್ ವೈಂಡಿಂಗ್‌ಗೆ (ಮೋಟಾರು ಹೊರಡಿಸುವ ತಂತಿ ಸುರುಳಿಗೆ) ಕರೆಂಟು ಹರಿಯುತ್ತಲೇ ಇದ್ದು ಅದು ಸುಟ್ಟುಹೋಗುತ್ತದೆ. ನಿಂತ ಕಂಪ್ರೆಸರನ್ನು ಐದು ನಿಮಿಷ ಬಿಟ್ಟೇ ಮತ್ತೆ ಚಾಲೂ ಮಾಡಿ, ಎರಡೂ ಕಡೆಯ ಗ್ಯಾಸ್ ಒತ್ತಡ ಕ್ಯಾಪಿಲರಿ ಎಂಬ ಸಣ್ಣ ಕೊಳವೆಯ ಮೂಲಕ ಸಮವಾಗಲು ಅಷ್ಟು ಹೊತ್ತು ಬೇಕು.

ಕಂಪ್ರೆಸರ್ ಓಡುತ್ತಿದ್ದೂ ತಂಪು ಸಾಲದೇ? ಬಾಗಿಲಲ್ಲಿ ಹತ್ತು ರೂಪಾಯಿ ನೋಟು ಸಿಕ್ಕಿಸಿ ಎಳೆಯಿರಿ. ಸುತ್ತಲೂ ಪ್ರತಿ ಅರ್ಧ ಅಡಿಗೊಮ್ಮೆ ನೋಡಿ. ಎಲ್ಲಿ ಸಲೀಸಾಗಿ ಜಾರಿ ಬರುತ್ತದೋ ಅಲ್ಲಿ ಬಾಗಿಲಂಚಿನ ರಬ್ಬರ್ ಗ್ಯಾಸ್ಕೆಟ್ ಸತ್ತಿದೆ. ಹೊರಮೈ ಒಂದೇ ಜಾಗದಲ್ಲಿ ಬೆವರುತ್ತಿದ್ದರೆ ಅದರ ಹಿಂದಿನ ಗ್ಲಾಸ್ ವೂಲ್ (ತಂಪು ಕಾಯುವ ಗಾಜಿನ ಹತ್ತಿ) ನೀರು ಕುಡಿದಿರುತ್ತದೆ. ಒಣಗಿಸಿ ಮತ್ತೆ ತುರುಕಬೇಡಿ, ಕೈಗವಸು, ಮಾಸ್ಕ್ ಹಾಕಿ ಹೊಸದು ತುಂಬಿ.

ಇಷ್ಟೆಲ್ಲ ಸರಿಯಿದ್ದೂ ಫ್ರೀಜರಿನ ಒಂದು ಮೂಲೆಯಲ್ಲಷ್ಟೇ ಹಿಮ ಕಟ್ಟುತ್ತಿದ್ದರೆ ಗ್ಯಾಸ್ ಕಡಿಮೆಯಾಗಿರಬಹುದು. ಸೋಪಿನ ನೊರೆಯಿಂದ ಲೀಕ್ ಹುಡುಕಿ, ಮುಚ್ಚಿ, ಹೊಸ ಫಿಲ್ಟರ್ ಡ್ರೈಯರ್ (ಲೈನಿನ ತೇವ, ಕಸ ಹಿಡಿಯುವ ತುಂಡು) ಹಾಕಿ, ಒಳಗಿನ ಗಾಳಿಯನ್ನು ಪಂಪಿನಿಂದ ಹೊರಗೆಳೆದು ಚೆನ್ನಾಗಿ ವ್ಯಾಕ್ಯೂಮ್ ಮಾಡಲೇಬೇಕು. ಇಲ್ಲಿ ಆರ್-12 ಬದಲಿಗೆ ಬಂದ ಆರ್-134ಎ ಗ್ಯಾಸನ್ನು ಸುಮ್ಮನೆ ತುಂಬಿಸುವುದು ದೊಡ್ಡ ತಪ್ಪು, ಕಂಪ್ರೆಸರಿನ ಹಳೇ ಮಿನರಲ್ ಆಯಿಲ್ ಜೊತೆ ಅದು ಬೆರೆಯುವುದಿಲ್ಲ. ಪ್ರೊಪೇನ್–ಐಸೋಬ್ಯುಟೇನ್ ಮಿಶ್ರಣ ಬೆರೆಯುತ್ತದೆ, ಫ್ರಿಜ್‌ನ ವಿವರದ ಪ್ಲೇಟಿನ ಮೇಲೆ ಆರ್-12 100 ಗ್ರಾಂ ಎಂದಿದ್ದರೆ ಇದು 40–45 ಗ್ರಾಂ ಸಾಕು. ಆದರೆ ಅದು ಹೊತ್ತಿಕೊಳ್ಳುವ ಗ್ಯಾಸ್. ಒಳಗಿನ ಲೈಟ್ ಸ್ವಿಚ್, ಥರ್ಮೋಸ್ಟಾಟ್ ಎರಡೂ ಕಿಡಿ ಹಾರಿಸಬಲ್ಲವು. ಅವನ್ನು ಸೀಲ್ ಮಾಡಿಸಿ ಅಥವಾ ಹೊರಗೆ ಕೂರಿಸಿ. ಇದು ಈ ಗ್ಯಾಸಿನಲ್ಲಿ ಪಳಗಿದವರಿಗೇ ಬಿಡುವ ಕೆಲಸ.

ಹಿಮ ಕಾಲಂಗುಲ ದಾಟುವ ಮೊದಲೇ ಆಫ್ ಮಾಡಿ ಕರಗಿಸಿ. ಫ್ರೀಜರ್ ತೆಳು ಅಲ್ಯೂಮಿನಿಯಂ, ಚಾಕುವಿನ ಮೊನೆ ತಗುಲಿದರೆ ಗ್ಯಾಸು ಬುಸ್ಸೆಂದು ಹೋಗಿಬಿಡುತ್ತದೆ. ಹಿಂದಿನ ಕಾಯಿಲ್‌ನ ಧೂಳನ್ನು ಮೂರು ತಿಂಗಳಿಗೊಮ್ಮೆ ಬ್ರಷ್‌ನಿಂದ ತೆಗೆಯಿರಿ.

ಕೊಂಡಿ ಬೀಳುವ ಹಿಡಿಕೆಯ ಬಾಗಿಲಾದರೆ, ರಿಪೇರಿ ನಡೆಯುವಷ್ಟು ದಿನ ಬಾಗಿಲನ್ನೇ ಕಳಚಿಡಿ. ಮಕ್ಕಳು ಒಳಗೆ ಸಿಕ್ಕಿಕೊಂಡರೆ ಒಳಗಿನಿಂದ ತೆರೆಯಲು ಆಗುವುದಿಲ್ಲ.