ಗಳದ ತುದಿಯ ಉಪ್ಪು

ಅಘನಾಶಿನಿ ಹೊಳೆಯಲ್ಲಿ ನಾನೇ ಬಲೆ ಬೀಸೋಕೆ ಶುರು ಮಾಡಿ ಹನ್ನೊಂದು ವರ್ಷ ಆಯಿತು. ಅದಕ್ಕೂ ಮೊದಲು ಅಪ್ಪನ ಪಾತಿ ದೋಣಿಯಲ್ಲಿ ಕೂತು, ಒಳಗೆ ಬಂದ ನೀರು ಮೊಗೆದು ಚೆಲ್ಲುವುದಷ್ಟೇ ನನ್ನ ಕೆಲಸ. ಬಲೆ ಬೀಸುವುದನ್ನು ಒಂದೇ ಮಳೆಗಾಲದಲ್ಲಿ ಕಲಿತೆ. ಎಲ್ಲಿ, ಯಾವಾಗ ಬೀಸಬೇಕು ಅನ್ನೋದಕ್ಕೆ ಮಾತ್ರ ನಾಲ್ಕೈದು ವರ್ಷ ಹಿಡಿಯಿತು.

ಹೊಳೆಯಲ್ಲಿ ಸಿಗುವ ಸಿಗಡಿ ಎಲ್ಲ ಒಂದೇ ಅಲ್ಲ. ಬಿಳಿ ಸಿಗಡಿ, ಹುಲಿ ಸಿಗಡಿ ಸಮುದ್ರದಲ್ಲಿ ಹುಟ್ಟುತ್ತವೆ. ಮರಿಗಳು ಭರತದ ನೀರಿನ ಜೊತೆ ಹೊಳೆ ಸಮುದ್ರ ಸೇರುವ ಅಳಿವೆಗೆ ಬಂದು, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ, ಉಪ್ಪು ತಡೆಯುವ ಕಗ್ಗ ಭತ್ತದ ಕೊಳೆತ ಕೂಳೆ ಮೇಯ್ದು ಬೆಳೆದು, ವಾಪಸ್ ಸಮುದ್ರಕ್ಕೆ ಹೋಗುತ್ತವೆ. ಉದ್ದ ಕೊಂಡಿಯ ಹೊಳೆ ಸಿಗಡಿಯದ್ದು ಉಲ್ಟಾ. ಅದರ ಮನೆ ಮೇಲೆ, ಸಿಹಿನೀರಿನಲ್ಲಿ. ಮೊಟ್ಟೆ ಹೊತ್ತ ಹೆಣ್ಣುಗಳು ಮಾತ್ರ ಅಳಿವೆ ಕಡೆ ಇಳಿದು ಬರುತ್ತವೆ. ಮರಿಗೆ ಸ್ವಲ್ಪ ಉಪ್ಪು ಬೇಕೇ ಬೇಕು, ಬರೀ ಸಿಹಿನೀರಾದರೆ ಕೆಲವೇ ದಿನದಲ್ಲಿ ಸಾಯುತ್ತದೆ. ಅಪ್ಪ ಇದನ್ನು ಯಾವ ಪುಸ್ತಕದಲ್ಲೂ ಓದಿದವರಲ್ಲ. "ಹೆರಿಗೆಗೆ ತವರಿಗೆ ಹೋದ ಹಾಗೆ ಇಳೀತವೆ ತಮಾ" ಅನ್ನುತ್ತಿದ್ದರು.

ಹೊಳೆ ಸಿಗಡಿಗೆ ನಾವು ಕಾಯುವುದು ಚೌತಿ ಹಬ್ಬ ಕಳೆದ ಮೇಲೆ, ದೀಪಾವಳಿ ತನಕ. ಆಷಾಢದಲ್ಲಿ ಹೊಳೆ ಕೆಂಪಾಗಿ ಉಕ್ಕಿ ಹರಿಯುತ್ತದೆ. ಆಗ ಮರಿ ಹಾಕಿದರೆ ಎಲ್ಲ ಕೊಚ್ಚಿಕೊಂಡು ಹೋಗುತ್ತದೆ. ಮಳೆ ಇಳಿದು, ನೀರು ತಿಳಿಯಾಗಿ, ಉಪ್ಪು ನಿಧಾನಕ್ಕೆ ಮೇಲೇರುವ ಹೊತ್ತಿಗೆ ಅವೂ ಕೆಳಗೆ ಬರುತ್ತವೆ.

ಉಪ್ಪು ಎಲ್ಲಿಯವರೆಗೆ ಬಂದಿದೆ ಅಂತ ನೋಡೋದು ಹೇಗೆ? ಮೇಲಿನ ನೀರು ಕುಡಿದು ನೋಡಿದರೆ ಮೋಸ ಹೋಗುತ್ತೀರಿ. ಉಪ್ಪುನೀರು ಭಾರ, ತಳದಲ್ಲಿ ತೆವಳಿಕೊಂಡು ಬರುತ್ತದೆ. ಮೇಲೆ ಸಿಹಿನೀರೇ ಇರುತ್ತದೆ. ಅಪ್ಪ ದೋಣಿ ನೂಕುವ ಗಳವನ್ನು ತಳಕ್ಕೆ ಊರಿ ಎತ್ತಿ, ತುದಿಗೆ ಅಂಟಿದ ಕೆಸರನ್ನು ನಾಲಿಗೆಗೆ ಮುಟ್ಟಿಸಿ ನೋಡುತ್ತಿದ್ದರು. ನಾನೂ ಹಾಗೇ ಮಾಡುತ್ತೇನೆ. ಮಿರ್ಜಾನದ ಹತ್ತಿರ ಶುರು ಮಾಡಿ ದೀವಗಿ ಕಡೆಗೆ ಹೋಗುತ್ತಾ ಅಲ್ಲಲ್ಲಿ ಗಳ ಊರುತ್ತೇನೆ. ಉಪ್ಪು ಇದೆಯೋ ಇಲ್ಲವೋ ಅಂತ ಅನುಮಾನ ಬರುವ ಜಾಗವೇ ಆ ವಾರದ ನನ್ನ ಜಾಗ.

ಮೇವು ಮನೆಯಲ್ಲೇ ಮಾಡುತ್ತೇನೆ. ಅಕ್ಕಿ ತೌಡನ್ನು ಪರಿಮಳ ಬರುವ ತನಕ ಹುರಿದು, ಜೇಡಿಮಣ್ಣಿನ ಜೊತೆ ಕಲಸಿ, ಕಿತ್ತಳೆಯಷ್ಟು ದೊಡ್ಡ ಉಂಡೆ ಕಟ್ಟಬೇಕು. ಮಣ್ಣು ಕಡಿಮೆಯಾದರೆ ಮುಳುಗುವ ಮೊದಲೇ ಒಡೆಯುತ್ತದೆ. ಜಾಸ್ತಿಯಾದರೆ ಕರಗೋದೇ ಇಲ್ಲ. ಸಂಜೆ ಉಂಡೆ ಇಳಿಸಿದ ಜಾಗಕ್ಕೆ ಕೋಲು ಊರಿ ಗುರುತು ಮಾಡಿ, ಕತ್ತಲಾದ ಮೇಲೆ ಸದ್ದಿಲ್ಲದೆ ಹೋಗಿ ಬಲೆ ಬೀಸುತ್ತೇನೆ. ಇದಕ್ಕೆ ಅಷ್ಟಮಿ, ನವಮಿಯ ಆಸುಪಾಸು ಒಳ್ಳೆಯದು, ನೀರಿನ ಎಳೆತ ಕಡಿಮೆ ಇರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಸೆಳೆತಕ್ಕೆ ಮೇವು ನಿಲ್ಲುವುದಿಲ್ಲ. ಆ ದಿನಗಳು ಗಜನಿಗೆ ನೀರು ಬಂದು ಹೋಗುವ ಬಾಗಿಲಿಗೆ ಬಲೆ ಕಟ್ಟುವವರಿಗೆ. ಟಾರ್ಚ್ ಬಿಟ್ಟರೆ ದಡದ ಹತ್ತಿರ ಸಿಗಡಿಗಳ ಕಣ್ಣು ಕೆಂಡದ ಚೂರಿನಂತೆ ಹೊಳೆಯುತ್ತವೆ. ಎಷ್ಟು ವರ್ಷವಾದರೂ ಅದನ್ನು ನೋಡುವಾಗ ನನಗೆ ಖುಷಿಯೇ.

ಒಂದು ತಪ್ಪನ್ನೂ ಹೇಳಬೇಕು. ಎರಡನೇ ವರ್ಷ, ಹೊಟ್ಟೆ ತುಂಬ ಮೊಟ್ಟೆಯಿದ್ದ ದೊಡ್ಡ ಹೆಣ್ಣುಗಳನ್ನು ಒಂದೂ ಬಿಡದೆ ಮಾರಿದೆ. ತೂಕ ಚೆನ್ನಾಗಿ ಬರುತ್ತಿತ್ತು. ಮೂರನೇ ದಿನ ಅಪ್ಪ ಬುಟ್ಟಿಯಿಂದ ಒಂದನ್ನು ಎತ್ತಿ, ಮೊಟ್ಟೆಗಳನ್ನು ನನ್ನ ಅಂಗೈಗೆ ಉದುರಿಸಿದರು. ಹೊಸ ಮೊಟ್ಟೆ ಕಿತ್ತಳೆ ಬಣ್ಣ ಇರುತ್ತದೆ, ಇವು ಬೂದಿ ಬಣ್ಣಕ್ಕೆ ತಿರುಗಿದ್ದವು. ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದೆ. ಒಂದೊಂದರ ಒಳಗೂ ಕಪ್ಪು ಚುಕ್ಕಿ. ಕಣ್ಣುಗಳು! ಎರಡು ಮೂರು ದಿನ ಬಿಟ್ಟಿದ್ದರೆ ಅಷ್ಟೂ ಮರಿಯಾಗುತ್ತಿದ್ದವು. ಚೆನ್ನಾಗಿ ಬೆಳೆದ ಒಂದು ಹೆಣ್ಣಿನಲ್ಲಿ 80 ಸಾವಿರದಿಂದ 1 ಲಕ್ಷದಷ್ಟು ಮೊಟ್ಟೆ ಇರುತ್ತವೆ ಅಂತ ಆಮೇಲೆ ಓದಿದೆ. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಪಕ್ಕದ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಕರೆಂಟು ತೆಗೆದ ನೀರು ಬೇಸಿಗೆಯಲ್ಲೂ ಅಳಿವೆಗೆ ಇಳಿಯುತ್ತದೆ, ಉಪ್ಪು ಮೇಲೇರೋಕೆ ಬಿಡುವುದಿಲ್ಲ. ಅಲ್ಲಿ ಬಳಚು ಅನ್ನೋ ಚಿಪ್ಪುಜೀವಿ ಕಡಿಮೆಯಾದದ್ದು ಸುಮ್ನೆ ಅಲ್ಲ. ನಮ್ಮ ಅಘನಾಶಿನಿಗೆ ಅಣೆಕಟ್ಟಿಲ್ಲ, ಅದಕ್ಕೇ ಸಿಹಿ ಉಪ್ಪು ಎರಡೂ ತಮ್ಮ ತಮ್ಮ ಹೊತ್ತಿಗೆ ಬಂದು ಹೋಗುತ್ತವೆ. 2024ರ ಜನವರಿಯಲ್ಲಿ ಈ ಅಳಿವೆಯ 4,801 ಹೆಕ್ಟೇರ್, ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ನನಗೆ ನಿಜವಾಗಿ ಸಂತೋಷವಾಯಿತು. ಇನ್ನು ಇಲ್ಲಿ ಏನೇ ಯೋಜನೆ ಮಾಡುವುದಿದ್ದರೂ, ಗಳ ಊರಿ ಉಪ್ಪು ನೋಡುವವರನ್ನು ಮೊದಲು ಕೇಳಬೇಕು, ಅಲ್ವಾ?

ಈಗ ಮೊಟ್ಟೆಯಿದ್ದದ್ದು ಬಲೆಗೆ ಬಂದರೆ ಬಿಟ್ಟುಬಿಡುತ್ತೇನೆ. ದೋಣಿಯಿಂದ ಎಸೆಯಬಾರದು, ಮೊಟ್ಟೆ ಉದುರುತ್ತದೆ. ಅದನ್ನು ಹಿಡಿದು ಮೊಣಕೈ ತನಕ ನೀರಿಗಿಳಿಸಿ ಬೆರಳು ಬಿಡಿಸಬೇಕು. ಅದು ಒಂದು ಕ್ಷಣ ಅಂಗೈ ಮೇಲೇ ಕೂತಿರುತ್ತದೆ, ಆಮೇಲೆ ಬಾಲ ಬಡಿದು ಹೋಗುತ್ತದೆ.