ತೂಕದ ಮಾತು ಬಿಟ್ಟು ಹುಣಸೆ ಬೀಜ ಕೊಟ್ಟೆ

ಕಲಬುರಗಿಯ ಒಂದು ಪಿಯು ಹಾಸ್ಟೆಲ್‌ನಲ್ಲಿ ಹುಡುಗಿಯರಿಗೆ ಆಪ್ತ ಸಮಾಲೋಚನೆ ಮಾಡುತ್ತೇನೆ. ದಪ್ಪಗಾಗುವ ಭಯಕ್ಕೆ ಊಟ ಬಿಡುವವಳಿಗೆ "ಉಣ್ಣವ್ವ" ಅಂದರೆ ಕೆಲಸ ಆಗಲ್ಲ. ನೆಪ ರೆಡಿ ಇರುತ್ತದೆ. ಸೋಮವಾರ "ಒಪ್ಪತ್ತ ಅದರಿ ಮೇಡಂ", ಮರುದಿನ ಆಸಿಡಿಟಿ, ಗುರುವಾರ ರಾಯರದ್ದು. ಒಪ್ಪತ್ತು ನಮ್ಮ ಕಡೆ ಮನೆಮನೆಯಲ್ಲೂ ಇದೆ, ಹಾಗಾಗಿ ವಾರ್ಡನ್‌ಗೂ ಅನುಮಾನ ಬರಲ್ಲ. ನಾನು ನೋಡುವುದು ಒಪ್ಪತ್ತು ಬಿಡುವ ಹೊತ್ತು. ದೇವರಿಗೆ ಹಿಡಿದವಳು ಹಸಿದು ಬಂದು ಉಣ್ಣುತ್ತಾಳೆ. ಇನ್ನೊಬ್ಬಳು ಖಡಕ್ ರೊಟ್ಟಿಯನ್ನು ಚೂರು ಚೂರು ಮುರಿಯುತ್ತಾಳೆ, ಪುಂಡಿ ಪಲ್ಯದ ಎಣ್ಣೆಯನ್ನು ತಟ್ಟೆಯ ಅಂಚಿಗೆ ಸರಿಸುತ್ತಾಳೆ, ಶೇಂಗಾ ಹಿಂಡಿ ಮುಟ್ಟುವುದೇ ಇಲ್ಲ.

ತಲೆ ಸುತ್ತಿ ಬೀಳುವುದು, ಮುಟ್ಟು ನಿಲ್ಲುವುದು, ಉಂಡ ಮೇಲೆ ಬೇಕಂತಲೇ ವಾಂತಿ ಮಾಡುವುದು ಇದ್ದರೆ ಮೊದಲು ಡಾಕ್ಟರ್, ಆಮೇಲೆ ನಾನು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನೂ ಕೊಡುತ್ತೇನೆ, ಅದು ಉಚಿತ.

ಉಳಿದವರಿಗೆ ಹತ್ತು ಹುಣಸೆ ಬೀಜ ಕೊಡುತ್ತೇನೆ. ಹಾಳೆ ಮೇಲೆ ಏಳು ಮನೆ: ನೋಟ (ನಾವು ಹೇಗೆ ಕಾಣುತ್ತೇವೆ ಅನ್ನುವುದು), ಬೇರೆಯವರ ಮೆಚ್ಚುಗೆ, ಪೈಪೋಟಿಯಲ್ಲಿ ಗೆಲ್ಲುವುದು, ಓದು, ಮನೆಯವರ ಪ್ರೀತಿ, ಒಳ್ಳೆಯತನ, ದೇವರ ಪ್ರೀತಿ. ಈ ಏಳು ನನ್ನವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಜೆನಿಫರ್ ಕ್ರಾಕರ್ ಮತ್ತು ಸಂಗಡಿಗರು, ನಮ್ಮ ಸ್ವಾಭಿಮಾನ ಯಾವುದರ ಮೇಲೆ ನಿಂತಿದೆ ಅಂತ ನೋಡಲು ಕಾಲೇಜು ವಿದ್ಯಾರ್ಥಿಗಳಿಗಾಗಿ 2003ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯವು. ಬೀಜ ಮಾತ್ರ ನನ್ನದು, ಅದು ಪರೀಕ್ಷೆ ಅಲ್ಲ, ಸುಮ್ನೆ ಬಾಯಿ ಬಿಡಿಸುವ ದಾರಿ. "ಯಾವುದು ಕೆಟ್ಟರ ನೀನೇ ಕೆಟ್ಟಂಗ ಅನಸ್ತದ, ಅಲ್ಲಿ ಜಾಸ್ತಿ ಇಡು" ಅನ್ನುತ್ತೇನೆ.

ಒಬ್ಬಳು ಏಳು ನೋಟಕ್ಕಿಟ್ಟಳು, ಮೂರು ಮೆಚ್ಚುಗೆಗೆ. ಓದಿಗೆ ಒಂದೂ ಇಲ್ಲ, ಕ್ಲಾಸಿಗೇ ಮುಂದಿರುವ ಹುಡುಗಿ! "ಮಾರ್ಕ್ಸ್ ಬಂದ್ರ ಯಾರೂ ಏನೂ ಅನ್ನಂಗಿಲ್ರಿ. ದಪ್ಪಾದ್ರ ಎಲ್ಲಾರೂ ಅಂತಾರ್ರಿ."

ಹಾಗಂತ ಎಲ್ಲಾ ಬೀಜ ಓದಿನ ಮನೆಗೆ ಸರಿಸಿದರೆ ಮುಗೀತಾ? ನೀಟ್ ಕೋಚಿಂಗ್ ನಡೆಯುವ ಕಡೆ ಅದಂತೂ ಇನ್ನೊಂದು ಗುಂಡಿ, ಒಂದು ಟೆಸ್ಟ್ ಕೆಟ್ಟರೆ ಮತ್ತೆ ಊಟ ಬಿಡುತ್ತಾರೆ. ಒಂದೊಂದೇ ಬೀಜ ಸರಿಸೋಣ ಅಂದೆ, ಯಾವ ಕಡೆ ಅಂತ ಅವಳೇ ಹೇಳಲಿ. ಜೂನಿಯರ್‌ಗಳಿಗೆ ಲೆಕ್ಕ ಹೇಳಿಕೊಡಲು ಶುರು ಮಾಡಿದಳು, ಬೀಜವನ್ನು ಒಳ್ಳೆಯತನದ ಮನೆಗಿಟ್ಟಳು.

ಕಷ್ಟದ ಕೆಲಸ ಅವಳ ತಾಯಿಯ ಜೊತೆಗಿತ್ತು. ದಪ್ಪ ಅನ್ನಬೇಡಿ ಅಂದರೆ ಒಪ್ಪಿದರು. "ಸಣ್ಣಗಾಗೀದಿ, ಚಂದ ಕಾಣಸ್ತಿ" ಅಂತ ಹೊಗಳುವುದೂ ಬೇಡ ಅಂದಾಗ ಸಿಟ್ಟು ಬಂತು. "ಹಂಗಾದ್ರ ಮಗಳ ಜೋಡಿ ಏನ್ ಮಾತಾಡ್ಬೇಕ್ರಿ?" ಅಂದರು. ಜೂನಿಯರ್‌ಗಳಿಗೆ ಯಾವ ಲೆಕ್ಕ ಹೇಳಿಕೊಟ್ಟಳು, ಅದನ್ನ ಕೇಳ್ರಿ ಅಂದೆ.